ಠಾಣೆಯ ತಪಾಸಣೆ ಯಾರ ಪರವಾಗಿ ನಡೆಯುತ್ತಿತ್ತು?

ಮಾನ್ಯರೆ,

ಪೊಲೀಸ್ ಸುಧಾರಣೆಯ ಲೇಖನವನ್ನು ಓದಿ ಬಳ್ಳಾರಿಯಿಂದ ತಾವು ಬರೆದ ಪತ್ರ ತಲುಪಿತು. ಬ್ರಿಟಿಷರ ಕಾಲದಲ್ಲಿ ಕಲೆಕ್ಟರರೇ ಮೊಕ್ಕಾಂ ಹೂಡಿ ಠಾಣೆಯ ದಫ್ತರಗಳನ್ನು ತಪಾಸಣೆ ಮಾಡುತ್ತಿದ್ದುದರಿಂದ ಪೊಲೀಸರು ಅಂಕೆಯಲ್ಲಿದ್ದರು, ಬಡವನಿಗೆ ರಕ್ಷಣೆಯಿತ್ತು, ಆ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಮರಳಿ ಕೊಡಬೇಕು ಎಂಬುದು ತಮ್ಮ ವಾದ. ತಪಾಸಣೆ ಇದ್ದದ್ದು ನಿಜ. ಅದು ಬಡವನ ರಕ್ಷಣೆಗಾಗಿ ಇತ್ತೆಂದು ಒಪ್ಪಲು ಆ ಸರ್ಕಾರದ ವರದಿಗಳೇ ಅಡ್ಡಬರುತ್ತವೆ.

ತಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತದಲ್ಲಿತ್ತು. 1854ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಚರ್ಚೆಯಾದ ಮೇಲೆ ಮದ್ರಾಸಿನಲ್ಲಿ ನೇಮಕವಾದ ಚಿತ್ರಹಿಂಸೆ ತನಿಖಾ ಆಯೋಗವು, ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಹೊರಡಿಸುವುದಕ್ಕೂ ಕೆಳಗಿನ ನೌಕರರು ಹಿಂಸೆಯನ್ನು ರೂಢಿಯಾಗಿಯೇ ಬಳಸುತ್ತಿದ್ದರೆಂದು ಮರುವರ್ಷ ವರದಿ ಕೊಟ್ಟಿತು. ರೈತನನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು, ಬೆರಳುಗಳನ್ನು ಮರದ ಇಕ್ಕಳದಲ್ಲಿ ಹಿಸುಕುವುದು ಅದರಲ್ಲಿ ದಾಖಲಾದ ಪದ್ಧತಿಗಳು. ಕಂದಾಯವೂ ಪೊಲೀಸೂ ಒಬ್ಬನೇ ತಹಸೀಲ್ದಾರನ ಕೈಯಲ್ಲಿದ್ದುದರಿಂದ, ಪೆಟ್ಟು ತಿಂದವನು ದೂರು ಹೇಳಲು ದೂರದ ಜಿಲ್ಲಾ ಕಚೇರಿಯವರೆಗೆ ಹೋಗಬೇಕಿತ್ತು. ಐರೋಪ್ಯ ಅಧಿಕಾರಿಗಳು ಇದಕ್ಕೆ ಸಮ್ಮತಿಸಿರಲಿಲ್ಲವೆಂದೂ ಆಯೋಗ ಹೇಳಿದೆ. ಆ ಮಾತನ್ನು ಮಾತ್ರ ನಾವು ಸ್ವಲ್ಪ ಎಚ್ಚರದಿಂದ ಓದುವುದು ಒಳ್ಳೆಯದು.

ತಾವು ಹೇಳುವ ತಪಾಸಣೆಗೆ ಬ್ರಿಟಿಷ್ ಭಾರತದ ಬಹುಭಾಗದಲ್ಲಿ ಆಧಾರ 1861ರ ಪೊಲೀಸ್ ಕಾಯ್ದೆ; ಮದ್ರಾಸಿಗೆ 1859ರ ಪ್ರತ್ಯೇಕ ಕಾಯ್ದೆಯಿತ್ತು. 1861ರ ಕಾಯ್ದೆಯ 3ನೆಯ ಕಲಮು ಮೇಲ್ವಿಚಾರಣೆಯನ್ನು ಪ್ರಾಂತೀಯ ಸರ್ಕಾರಕ್ಕೂ, 4ನೆಯದು ಜಿಲ್ಲೆಯ ಪೊಲೀಸರ ಸಾಮಾನ್ಯ ನಿಯಂತ್ರಣವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ, ಎಂದರೆ ಕಲೆಕ್ಟರರಿಗೂ, ಒಪ್ಪಿಸಿದವು. 44ನೆಯ ಕಲಮಿನ ಪ್ರಕಾರ ಠಾಣಾಧಿಕಾರಿ ಬರೆದಿಡಬೇಕಾದ ದಿನಚರಿಯನ್ನು ಮ್ಯಾಜಿಸ್ಟ್ರೇಟರು ಯಾವಾಗ ಬೇಕಾದರೂ ತರಿಸಿ ನೋಡಬಹುದಿತ್ತು. ಆದರೆ ಆ ದಿನಚರಿಯನ್ನು ಬರೆಯುತ್ತಿದ್ದವನು ಠಾಣಾಧಿಕಾರಿಯೇ. ಠಾಣೆಯಲ್ಲಿ ದಾಖಲೇ ಆಗದ ದೂರು ಯಾವ ಸಾಹೇಬರ ಷರಾಕ್ಕೂ ಸಿಗುತ್ತಿರಲಿಲ್ಲ. ದಾಖಲಾದ ಅಪರಾಧ ಎಷ್ಟು, ಶಿಕ್ಷೆಯಾದದ್ದು ಎಷ್ಟು ಎಂಬ ಲೆಕ್ಕದಿಂದ ಠಾಣೆಯ ಯೋಗ್ಯತೆಯನ್ನು ಅಳೆಯತೊಡಗಿದರೆ, ದೂರನ್ನು ಹತ್ತಿಕ್ಕುವುದೂ ತಪ್ಪೊಪ್ಪಿಗೆಯನ್ನು ಹಿಂಡಿ ತೆಗೆಯುವುದೂ ನೌಕರನಿಗೆ ಲಾಭದ ದಾರಿಗಳಾಗುತ್ತವೆ.

ಸರ್ಕಾರಕ್ಕೆ ಇದು ತಿಳಿದಿರಲಿಲ್ಲವೆಂದಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಕಾಯ್ದೆಯ 25ನೆಯ ಕಲಮು ವಿಧಿಸಿತು. ತನ್ನ ತಪಾಸಣೆಯ ಮೇಲೆ ಪೂರ್ಣ ಭರವಸೆಯಿದ್ದ ಸರ್ಕಾರ ಇಂಥ ಕಲಮನ್ನು ಬರೆಯುತ್ತಿರಲಿಲ್ಲ. 1861ರ ಪೊಲೀಸ್ ಕಾಯ್ದೆ ಬಂದು ನಾಲ್ಕು ದಶಕಗಳಾದ ಮೇಲೆ, ಆಂಡ್ರೂ ಫ್ರೇಸರ್ ಅಧ್ಯಕ್ಷತೆಯ 1902–03ರ ಆಯೋಗವು ಇದೇ ಪೊಲೀಸ್ ವ್ಯವಸ್ಥೆಯನ್ನು ಅದಕ್ಷ, ತರಬೇತಿಯಿಲ್ಲದ್ದು, ಸಾಕಷ್ಟು ಮೇಲ್ವಿಚಾರಣೆಯಿಲ್ಲದ್ದು ಎಂದು ಕರೆದು, ಜನರು ಅದನ್ನು ಭ್ರಷ್ಟವೂ ದಬ್ಬಾಳಿಕೆಯದೂ ಎಂದೇ ಎಣಿಸುತ್ತಾರೆಂದು ದಾಖಲಿಸಿತು.

ಹೀಗಿರುವಾಗ ಜಿಲ್ಲಾಧಿಕಾರಿಗೆ ಹಳೆಯ ಅಧಿಕಾರವನ್ನು ಮರಳಿ ಕೊಟ್ಟರೆ ಒಂದು ಕಚೇರಿಯ ಕಡತವನ್ನು ಇನ್ನೊಂದು ಕಚೇರಿ ನೋಡಿದಂತಾಗುತ್ತದೆ, ಅಷ್ಟೆ. ಸುಪ್ರೀಂ ಕೋರ್ಟು 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ರಾಜ್ಯಕ್ಕೂ ಜಿಲ್ಲೆಗೂ ನಿವೃತ್ತ ನ್ಯಾಯಾಧೀಶರ ನೇತೃತ್ವದ ದೂರು ಪ್ರಾಧಿಕಾರಗಳು ಬೇಕೆಂದು ನಿರ್ದೇಶಿಸಿದೆ. ಪೆಟ್ಟು ತಿಂದವನೇ ನೇರವಾಗಿ ಹೋಗಿ ದೂರು ಕೊಡಬಹುದಾದ ಆ ಪ್ರಾಧಿಕಾರದ ಬಗ್ಗೆ ತಾವು ತಮ್ಮ ಶಾಸಕರನ್ನು ಕೇಳುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ.

— ಸಂಪಾದಕ