ಒಂದು ಮೀಟರ್ ಡಿಶ್‌ನಲ್ಲಿ ಕ್ಷೀರಪಥದ ಬಾಹುಗಳು ಸಿಗುತ್ತವೆಯೇ?

ಪ್ರಶ್ನೆ: ಬೆಂಗಳೂರಿನ ತಾರಸಿಯಲ್ಲಿ ಒಂದು ಮೀಟರ್ ಡಿಶ್, ಆರ್‌ಟಿಎಲ್-ಎಸ್‌ಡಿಆರ್ ರಿಸೀವರ್ (ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ರೇಡಿಯೋ) ಇಟ್ಟು ಹೈಡ್ರೋಜನ್ನಿನ 21 ಸೆಂ.ಮೀ. ಅಲೆ ಹಿಡಿಯುತ್ತಿದ್ದೇವೆ. ಎರಡು ಮೂರು ಶಿಖರಗಳು ಕಾಣುತ್ತವೆ. ಒಂದೊಂದನ್ನೂ ಕ್ಷೀರಪಥದ ಒಂದೊಂದು ಸುರುಳಿ ಬಾಹು ಎಂದು ನಕ್ಷೆ ಬರೆಯಬಹುದೇ? ಡಿಶ್ ಎತ್ತ ತಿರುಗಿಸಿದರೂ ಒಂದು ಶಿಖರ ಕದಲುವುದಿಲ್ಲ, ಏಕೆ?

ಉತ್ತರ: ಕದಲದ ಶಿಖರ ಆಕಾಶದ್ದಲ್ಲ. ಟ್ಯೂನ್ ಮಾಡಿದ ಆವರ್ತನದ ನಟ್ಟನಡುವೆ ಈ ರಿಸೀವರ್ ತಾನೇ ಒಂದು ಮುಳ್ಳು ಹುಟ್ಟಿಸುತ್ತದೆ. 1420.4 ಮೆಗಾಹರ್ಟ್ಸ್‌ಗೇ ಟ್ಯೂನ್ ಮಾಡಿದರೆ ಅದು ಹೈಡ್ರೋಜನ್ ಮೇಲೆಯೇ ಕೂರುತ್ತದೆ. 1419.5ಕ್ಕೆ ಇಳಿಸಿ, ಅಗಲ 2.4 ಮೆಗಾಹರ್ಟ್ಸ್ ಇರಲಿ. ಆಗಲೂ ಆ ಶಿಖರ ಮೊದಲಿನ ಆವರ್ತನದಲ್ಲೇ ನಿಂತಿದ್ದರೆ ಲ್ಯಾಪ್‌ಟಾಪ್, ಚಾರ್ಜರ್, ಎಲ್‌ಇಡಿ ದೀಪಗಳನ್ನು ಅನುಮಾನಿಸಿ. ಎಲ್‌ಎನ್‌ಎ (ಕಡಿಮೆ ಗದ್ದಲದ ವರ್ಧಕ) ಡಿಶ್‌ನ ಫೀಡ್‌ಗೆ, ಅಂದರೆ ಅಲೆ ಹಿಡಿಯುವ ಆಂಟೆನಾಕ್ಕೆ, ಅಂಟಿಕೊಂಡೇ ಇರಬೇಕು: ಅದಕ್ಕಿಂತ ಮೊದಲು ಕೇಬಲ್‌ನಲ್ಲಿ 1 ಡೆಸಿಬೆಲ್ ಸೋರಿದರೆ ಸುಮಾರು 75 ಕೆಲ್ವಿನ್ ಗದ್ದಲ ಸೇರುತ್ತದೆ (ರೇಡಿಯೋ ಶಕ್ತಿಯನ್ನು ಹೀಗೆ ತಾಪಮಾನದಲ್ಲಿ ಹೇಳುತ್ತಾರೆ). ಕ್ಷೀರಪಥದ ಹೈಡ್ರೋಜನ್ನಿನ ಹೊಳಪೇ 100 ಕೆಲ್ವಿನ್ ಆಸುಪಾಸಿನದು!

ಇನ್ನು ನಕ್ಷೆ. ನೀವು ಅಳೆಯುತ್ತಿರುವುದು ವೇಗ, ದೂರವಲ್ಲ. 4.74 ಕಿಲೋಹರ್ಟ್ಸ್ ಸರಿದರೆ ಸೆಕೆಂಡಿಗೆ 1 ಕಿ.ಮೀ. ವೇಗ. ಇದರಿಂದ ಭೂಮಿಯ ಪರಿಭ್ರಮಣೆಯ (30 ಕಿ.ಮೀ.ವರೆಗೆ) ಮತ್ತು ಸೂರ್ಯನ ಸ್ವಂತ ಚಲನೆಯ ಪಾಲನ್ನು ಕಳೆಯಲೇಬೇಕು. ಅಗ್ಗದ ರಿಸೀವರ್‌ನ ಸ್ಫಟಿಕ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿದರೆ ಅಲ್ಲೇ ಸೆಕೆಂಡಿಗೆ 15 ಕಿ.ಮೀ. ದೋಷ.

ಕ್ಷೀರಪಥದ ಸುತ್ತ ಸೂರ್ಯ ಸುತ್ತುವ ಕಕ್ಷೆಯ ಒಳಗಡೆ, ಸ್ಪರ್ಶಬಿಂದುವಿನ (ನಮ್ಮ ನೋಟದ ರೇಖೆ ಕೇಂದ್ರಕ್ಕೆ ಅತಿ ಹತ್ತಿರ ಬರುವ ಜಾಗ) ಈಚೆಗೂ ಆಚೆಗೂ ಇರುವ ಎರಡು ಜಾಗಗಳು ಒಂದೇ ವೇಗ ತೋರಿಸುತ್ತವೆ. ಹಾಗಾಗಿ ಅಲ್ಲಿ ಶಿಖರಗಳನ್ನು ಬಿಟ್ಟು ರೋಹಿತದ ಅತಿವೇಗದ ಅಂಚನ್ನು ಓದಿ. ಅದು ಸ್ಪರ್ಶಬಿಂದುವಿನ ಅನಿಲ, ಅದರ ಜಾಗ ಒಂದೇ. ಗ್ಯಾಲಕ್ಟಿಕ್ ರೇಖಾಂಶ (ಕ್ಷೀರಪಥದ ಕೇಂದ್ರದ ದಿಕ್ಕಿನಿಂದ ಅಳೆಯುವ ಕೋನ) 30 ಡಿಗ್ರಿಯಲ್ಲಿ ಅಂಚು ಸೆಕೆಂಡಿಗೆ 110 ಕಿ.ಮೀ. ಎಂದಿಟ್ಟುಕೊಳ್ಳಿ. ಸೂರ್ಯ ಕೇಂದ್ರದಿಂದ 8.5 ಕಿಲೋಪಾರ್ಸೆಕ್ (ಒಂದು ಕಿಲೋಪಾರ್ಸೆಕ್ ಸುಮಾರು 3,260 ಜ್ಯೋತಿರ್ವರ್ಷ) ದೂರದಲ್ಲಿ ಸೆಕೆಂಡಿಗೆ 220 ಕಿ.ಮೀ. ವೇಗದಲ್ಲಿ ಸುತ್ತುತ್ತಾನೆಂದು ಹಿಡಿದರೆ: ಕೇಂದ್ರದಿಂದ ದೂರ 8.5 × ಸೈನ್ 30 = 4.25 ಕಿಲೋಪಾರ್ಸೆಕ್, ಅಲ್ಲಿನ ಸುತ್ತುವೇಗ 110 + 220 × ಸೈನ್ 30 = ಸೆಕೆಂಡಿಗೆ 220 ಕಿ.ಮೀ. ನಿಮ್ಮ ಡಿಶ್‌ನ ನೋಟ ಸುಮಾರು 15 ಡಿಗ್ರಿ ಅಗಲ. 30ಕ್ಕೆ ಗುರಿಯಿಟ್ಟರೂ 23ರ ಅನಿಲ ಒಳಗೆ ನುಸುಳಿ ಅಂಚನ್ನು ಹಿಗ್ಗಿಸುತ್ತದೆ. 20 ಡಿಗ್ರಿಗಿಂತ ಕೆಳಗಿನ ಅಳತೆ ನಂಬಬೇಡಿ; ಅಲ್ಲಿ ಕೇಂದ್ರದಲ್ಲಿರುವ ನಕ್ಷತ್ರಗಳ ಉದ್ದನೆಯ ದಂಡ ಅನಿಲದ ವೃತ್ತಪಥವನ್ನೇ ಕೆಡಿಸಿದೆ.

ಬಾಹು ಗುರುತಿಸುವ ಆಸೆಯಿದ್ದರೆ ಸೂರ್ಯನ ಕಕ್ಷೆಯ ಹೊರಗಡೆ, ರೇಖಾಂಶ 100ರಿಂದ 150 ಡಿಗ್ರಿಯತ್ತ ನೋಡಿ, ಟ್ಯೂನಿಂಗ್ 1421.2ಕ್ಕೆ ಏರಿಸಿ. ಇಲ್ಲಿ ಒಂದು ವೇಗಕ್ಕೆ ಒಂದೇ ದೂರ. ಸೊನ್ನೆಯ ಬಳಿಯ ಶಿಖರ ನಮ್ಮ ನೆರೆಯ ಅನಿಲ, ಮೈನಸ್ 40-50 ಕಿ.ಮೀ. (ನಮ್ಮತ್ತ ಬರುವ ವೇಗ) ಸುತ್ತಲಿನದು ಪರ್ಸಿಯಸ್ ಎಂಬ ಬಾಹು. ಆದರೂ ಬರುವ ದೂರವನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ. ಅದೇ ಬಾಹುವಿನ ಡಬ್ಲ್ಯೂ3ಒಎಚ್ ಎಂಬ ಮೇಸರ್‌ಗೆ (ಸಹಜವಾಗಿ ಪ್ರಬಲ ರೇಡಿಯೋ ಅಲೆ ಸೂಸುವ ಅನಿಲ) ವೇಗದ ಲೆಕ್ಕ 4 ಕಿಲೋಪಾರ್ಸೆಕ್‌ಗೂ ಹೆಚ್ಚು ಹೇಳುತ್ತಿತ್ತು. 2006ರಲ್ಲಿ ಪ್ರಕಟವಾದ ಪ್ಯಾರಲಾಕ್ಸ್ ಅಳತೆಯಲ್ಲಿ (ಭೂಮಿ ಸುತ್ತುವಾಗ ಕಾಣುವ ಜಾಗದ ಸರಿತದಿಂದ ದೂರ ಅಳೆಯುವ ವಿಧಾನ) ಸಿಕ್ಕಿದ್ದು ಸುಮಾರು 1.95 ಕಿಲೋಪಾರ್ಸೆಕ್.