ಆರೋಗ್ಯ ಚೆನ್ನಾಗಿದ್ದರೂ ಅಂಡಾಣುವಿಗೆ ವಯಸ್ಸಾಗುವುದು ಹೇಗೆ?

ಧಾರವಾಡದಲ್ಲಿರುವ ನಿಮ್ಮ ಅಕ್ಕನಿಗೆ 38, ಆರೋಗ್ಯ ಚೆನ್ನಾಗಿದೆ, ಆದರೂ ಡಾಕ್ಟರು ಅಂಡಾಣುವಿಗೆ ವಯಸ್ಸಾಗಿದೆ ಅಂದರು, ಯಾಕೆ ಅಂತ ಕೇಳಿದ್ದೀರಿ.

ಚರ್ಮ, ರಕ್ತದ ಜೀವಕೋಶಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಅಂಡಾಣು ಹಾಗಲ್ಲ. ಅಕ್ಕ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವು ತಯಾರಾಗಿದ್ದವು. ಹೆಣ್ಣುಮಗು ಹುಟ್ಟುವಾಗ 10ರಿಂದ 20 ಲಕ್ಷ ಇರುತ್ತವೆ, ಮೈನೆರೆಯುವ ಹೊತ್ತಿಗೆ ಸುಮಾರು 3-4 ಲಕ್ಷ. ಅಂದರೆ ಅಂಡಾಣುವಿಗೆ ಅಕ್ಕನಿಗಿಂತ ಸ್ವಲ್ಪ ಜಾಸ್ತಿಯೇ ವಯಸ್ಸು.

ಇನ್ನು ಒಳಗಿನ ಪ್ರೋಟೀನ್‌ಗಳು. ಬಹಳಷ್ಟು ಜೀವಕೋಶಗಳು ಹಳೆಯದನ್ನು ಒಡೆದು ಕೆಲವೇ ದಿನಗಳಲ್ಲಿ ಹೊಸದು ಮಾಡಿಕೊಳ್ಳುತ್ತವೆ. ಆದರೆ ಅಂಡಾಶಯದಲ್ಲಿ ತಿಂಗಳುಗಟ್ಟಲೆ ಬದಲಾಗದೆ ಉಳಿಯುವ ಪ್ರೋಟೀನ್‌ಗಳಿವೆ ಎಂದು 2024ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನಗಳು ತೋರಿಸಿದವು. ಇಲಿಯ ಆಯಸ್ಸೇ ಎರಡು ವರ್ಷದ ಆಸುಪಾಸು, ಹಾಗಾಗಿ ಇದು ದೊಡ್ಡ ಅವಧಿ.

ನನಗೆ ಮುಖ್ಯ ಅನ್ನಿಸುವುದು ಕೊಹೆಸಿನ್. ವಂಶವಾಹಿಗಳನ್ನು ಹೊತ್ತಿರುವ ಕ್ರೋಮೋಸೋಮಿನ ಜೋಡಿ ಎಳೆಗಳನ್ನು ಹೊಲಿಗೆಯ ದಾರದಂತೆ ಹಿಡಿದಿಡುವ ಪ್ರೋಟೀನ್ ಅದು. ಇಲಿಗಳಲ್ಲಿ ಇದು ಹುಟ್ಟುವ ಮೊದಲೇ ಸೇರಿಕೊಳ್ಳುತ್ತದೆ, ಆಮೇಲೆ ಹೊಸದು ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ವರ್ಷ ಕಳೆದಂತೆ ಸವೆಯುತ್ತದೆ. ಆಗ ಕ್ರೋಮೋಸೋಮ್‌ಗಳು ಸರಿಯಾಗಿ ಹಂಚಿಕೆಯಾಗದೆ ಅಂಡಾಣುವಿನಲ್ಲಿ ಒಂದು ಹೆಚ್ಚೋ ಕಡಿಮೆಯೋ ಆಗಬಹುದು. ಗರ್ಭಪಾತ, ಡೌನ್ ಸಿಂಡ್ರೋಮ್ ವಯಸ್ಸಿನ ಜೊತೆ ಜಾಸ್ತಿಯಾಗಲು ಇದೊಂದು ಕಾರಣ.

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಸುಮ್ನೆ 'ಉಷ್ಣ' ಅಂತ ಹೆಂಗಸಿನ ಊಟವನ್ನು ದೂರುತ್ತಾರಲ್ವಾ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಎಂಎಚ್ ಟೆಸ್ಟ್ (ಅಂಡಾಶಯದ ಒಂದು ಹಾರ್ಮೋನನ್ನು ಅಳೆಯುವ ರಕ್ತಪರೀಕ್ಷೆ) ಅಂಡಾಣು ಎಷ್ಟಿವೆ ಎಂದು ಅಂದಾಜು ಕೊಡುತ್ತದೆ, ಗುಣಮಟ್ಟ ಹೇಳುವುದಿಲ್ಲ. 35 ದಾಟಿದವರು 6 ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ತಜ್ಞರನ್ನು ನೋಡಬೇಕು. ಭಾವನವರ ವೀರ್ಯ ಪರೀಕ್ಷೆಯೂ ಜೊತೆಗೇ ಆಗಲಿ.