ಆರ್‌ನಲ್ಲಿ ಎರಡು ಮಾದರಿಗಳನ್ನು ಅನೋವಾದಿಂದ ಹೋಲಿಸುವಾಗ ದೋಷ ಬರುವುದೇಕೆ?

ಕಾಫಿ ಇಳುವರಿಯನ್ನು ಹೂಮಳೆಯೊಂದರಿಂದಲೇ (ಕಾಫಿ ಹೂ ಅರಳಿಸುವ ಮಳೆ) ವಿವರಿಸುವ ಮಾದರಿಯನ್ನೂ, ಅದಕ್ಕೆ ನೆರಳು ಮತ್ತು ಎತ್ತರವನ್ನು ಸೇರಿಸಿದ ಮಾದರಿಯನ್ನೂ ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ, ಮಾದರಿಗಳನ್ನು ಹೋಲಿಸುವ ಅನೋವಾ ಪರೀಕ್ಷೆಗೆ ಕೊಟ್ಟಾಗ, ಅವೆರಡೂ ಒಂದೇ ಗಾತ್ರದ ದತ್ತಾಂಶದ ಮೇಲೆ ನಿಂತಿಲ್ಲವೆಂಬ ದೋಷ ಬರುತ್ತಿದೆ ಎಂದು ಕೇಳಿದ್ದೀರಿ. ವಿರಾಜಪೇಟೆ ಬಳಿಯ ನಮ್ಮ ತೋಟದ ಲೆಕ್ಕಗಳನ್ನು ಪರೀಕ್ಷಿಸುವಾಗ ನನಗೂ ಇದೇ ಎದುರಾಗಿತ್ತು. ತಪ್ಪು ಸೂತ್ರದಲ್ಲಿರಲಿಲ್ಲ, ದತ್ತಾಂಶದ ಕೋಷ್ಟಕದಲ್ಲಿ ಖಾಲಿ ಬಿಟ್ಟ ಮನೆಗಳಲ್ಲಿತ್ತು.

ಮಳೆಯನ್ನು ದಿನವೂ ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವ ರೂಢಿಯಿರುವುದರಿಂದ ಆ ಕಾಲಂ ಪೂರ್ತಿ ತುಂಬಿತ್ತು. ನೆರಳನ್ನು ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದ ಮೇಲೆ ಅಳೆಯುತ್ತಿದ್ದುದರಿಂದ ಕೆಲವು ಬ್ಲಾಕ್‌ಗಳು ಬಿಟ್ಟುಹೋಗಿದ್ದವು. ಮಾದರಿಯಲ್ಲಿರುವ ಚರಗಳ ಪೈಕಿ ಒಂದು ಖಾಲಿಯಿದ್ದರೂ ಆರ್ ಆ ಸಾಲನ್ನು ಕೈಬಿಡುತ್ತದೆ. ಆದ್ದರಿಂದ ದೊಡ್ಡ ಮಾದರಿಗೆ ಕಡಿಮೆ ಬ್ಲಾಕ್‌ಗಳು ಸಿಕ್ಕಿದ್ದವು. ಎಲ್ಲ ಚರಗಳೂ ತುಂಬಿರುವ ಸಾಲುಗಳನ್ನು ಮೊದಲೇ ಬೇರೆ ತೆಗೆದು, ಎರಡೂ ಮಾದರಿಗಳನ್ನು ಅವುಗಳ ಮೇಲೆಯೇ ಕಟ್ಟಿ. ದೋಷ ಹೋಗಲೆಂದು ಖಾಲಿ ಜಾಗಕ್ಕೆ ಸರಾಸರಿಯನ್ನು ತುಂಬಬೇಡಿ; ಅಳೆಯದ ನೆರಳನ್ನು ಅಳೆದಂತೆ ತೋರಿಸಿದ ಹಾಗಾಗುತ್ತದೆ.

ಇನ್ನು ಫಲಿತಾಂಶವನ್ನು ಓದುವ ಬಗೆ. ಉದಾಹರಣೆಗೆ, 60 ಬ್ಲಾಕ್‌ಗಳಿದ್ದು, ಚಿಕ್ಕ ಮಾದರಿಯಲ್ಲಿ ಉಳಿದ ದೋಷಗಳ (ನಿಜವಾದ ಇಳುವರಿಗೂ ಮಾದರಿಯ ಅಂದಾಜಿಗೂ ಇರುವ ಅಂತರಗಳ) ವರ್ಗಗಳ ಮೊತ್ತ 580, ದೊಡ್ಡದರಲ್ಲಿ 504 ಎಂದಿಟ್ಟುಕೊಳ್ಳಿ. ಎರಡು ಚರಗಳನ್ನು ಸೇರಿಸಿದ್ದಕ್ಕೆ 76 ಇಳಿದಿದೆ, ಅಂದರೆ ಚರವೊಂದಕ್ಕೆ 38. ದೊಡ್ಡ ಮಾದರಿಯಲ್ಲಿ ಉಳಿದ 504ನ್ನು ಅದರ 56 ಡಿಗ್ರಿ ಆಫ್ ಫ್ರೀಡಂನಿಂದ (60 ಬ್ಲಾಕ್‌ಗಳಿಂದ, ಮೂರು ಚರಗಳಿಗೂ ಒಂದು ಸ್ಥಿರಾಂಕಕ್ಕೂ ಸೇರಿ 4 ಕಳೆದದ್ದು) ಭಾಗಿಸಿದರೆ 9. 38ನ್ನು 9ರಿಂದ ಭಾಗಿಸಿದಾಗ ಬರುವ 4.22 ಎಂಬುದೇ ಎಫ್; ಅದರ ಪಿ-ಮೌಲ್ಯ ಸುಮಾರು 0.02. ನೆರಳು, ಎತ್ತರ ಎರಡಕ್ಕೂ ನಿಜವಾಗಿ ಪಾತ್ರವಿಲ್ಲದಿದ್ದರೆ ಇಷ್ಟು ಇಳಿಕೆ ಆಕಸ್ಮಿಕವಾಗಿ ಕಾಣುವುದು ಅಪರೂಪ ಎಂದಷ್ಟೇ ಇದರ ಅರ್ಥ. ಎರಡರಲ್ಲಿ ಯಾವುದು ಮುಖ್ಯ ಎಂಬುದನ್ನು ಈ ಒಂದು ಸಂಖ್ಯೆ ಹೇಳುವುದಿಲ್ಲ.

ಚಿಕ್ಕ ಮಾದರಿಯ ಚರಗಳೆಲ್ಲವೂ ದೊಡ್ಡದರಲ್ಲಿ ಇದ್ದಾಗ ಮಾತ್ರ ಈ ಪರೀಕ್ಷೆ ಸಲ್ಲುತ್ತದೆ. ಒಂದರಲ್ಲಿ ಮಳೆ ಮಾತ್ರ, ಇನ್ನೊಂದರಲ್ಲಿ ಎತ್ತರ ಮಾತ್ರ ಇದ್ದರೆ ಎಐಸಿಯಿಂದ (ಮಾದರಿ ಎಷ್ಟು ಹೊಂದುತ್ತದೆ, ಎಷ್ಟು ಚರಗಳನ್ನು ಬಳಸುತ್ತದೆ ಎರಡನ್ನೂ ತೂಗುವ ಅಳತೆ; ಕಡಿಮೆಯಿದ್ದಷ್ಟೂ ಒಳ್ಳೆಯದು) ಹೋಲಿಸಿ; ಅಲ್ಲಿಯೂ ಸಾಲುಗಳು ಒಂದೇ ಇರಬೇಕು. ಒಂದೇ ಮಾದರಿಯನ್ನು ಅನೋವಾಕ್ಕೆ ಕೊಟ್ಟರಂತೂ ಆರ್ ಚರಗಳನ್ನು ನೀವು ಬರೆದ ಕ್ರಮದಲ್ಲೇ ಒಂದೊಂದಾಗಿ ಸೇರಿಸುತ್ತಾ ಹೋಗುತ್ತದೆ. ಮಳೆಯೂ ಎತ್ತರವೂ ಒಂದಕ್ಕೊಂದು ಹೆಣೆದುಕೊಂಡಿರುವ ನಮ್ಮಂಥ ಗುಡ್ಡದ ತೋಟದಲ್ಲಿ ಯಾವುದನ್ನು ಮೊದಲು ಬರೆದಿರೆಂಬುದರ ಮೇಲೆ ಉತ್ತರವೇ ಬದಲಾಗಬಹುದು.